ಯಾರೂ ಕೊಡದ ಅಧಿಕಾರ: ಅಡಿಕೆ ಗುಂಪಿನ ಅಡ್ಮಿನ್ ಆಗಿ ನನ್ನ ಅನುಭವ

ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರ ಒಂದು ವಾಟ್ಸಾಪ್ ಗುಂಪಿಗೆ ನಾನು ಹಲವು ವರ್ಷ ಅಡ್ಮಿನ್ ಆಗಿದ್ದೆ. ಸಂಬಳ ಇಲ್ಲ, ಚುನಾವಣೆ ಇಲ್ಲ. ಆದರೂ ಯಾರು ಒಳಗಿರಬೇಕು, ಯಾವ ಮಾತು ಉಳಿಯಬೇಕು ಅನ್ನುವುದು ನಾಲ್ಕು ಜನರ ಕೈಗೆ ಬಂದು ಕೂತಿತ್ತು. ಇಂಥ ಗುಂಪು ನಡೆಸುವವರು ಈಗ ಊರಿಗೆ ಹತ್ತು ಜನ ಇದ್ದಾರೆ. ಅವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಗುಂಪು ಶುರು ಮಾಡಿದ್ದು ನಾನಲ್ಲ. ಬೆಂಗಳೂರಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಹುಡುಗನೊಬ್ಬ, ಅಪ್ಪನಿಗೂ ಅಕ್ಕಪಕ್ಕದವರಿಗೂ ದಿನದ ಧಾರಣೆ ಸಿಗಲಿ ಅಂತ ಮಾಡಿದ್ದ. ನಾನು ಹೇಗೂ ಪೇಟೆಗೆ ಹೋಗುವವನು. ಅಡಿಕೆ ಮಾರಾಟದ ಟೆಂಡರ್ ಮುಗಿದ ಮೇಲೆ ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಅಂತ ಅಡಿಕೆಯ ಬಗೆಗಳನ್ನು ಸಾಲಾಗಿ ಬರೆದು, ಮುಂದೆ ಕನಿಷ್ಠ, ಗರಿಷ್ಠ, ಸರಾಸರಿ ಹಾಕುತ್ತಿದ್ದೆ. ಹುಡುಗನಿಗೆ ಕೆಲಸದ ಒತ್ತಡ ಜಾಸ್ತಿ ಆಯಿತು. "ಅಣ್ಣಾ, ದಿನಾ ಧಾರಣೆ ಹಾಕುವುದು ನೀವೇ ಅಲ್ವಾ, ಅಡ್ಮಿನ್ ಮಾಡಿಬಿಡ್ತೇನೆ" ಅಂದ. ಪ್ರಮಾಣವಚನ ಅಷ್ಟೇ. ದೇವಸ್ಥಾನದ ಅಂಗಳ ಗುಡಿಸುವವನ ಕೈಗೇ ಒಂದು ದಿನ ಬೀಗದ ಕೈ ಬರುತ್ತದಲ್ಲ, ಹಾಗೆ.

ಆಮೇಲಿನದನ್ನು ಜನರೇ ಮಾಡಿದರು. ಧಾರಣೆ ಹಾಕುವವನಿಗೆ ಎಲ್ಲ ಗೊತ್ತಿರುತ್ತದೆ ಅಂತ ಅವರ ಲೆಕ್ಕ. ಚಾಲಿ ಈಗ ಕೊಡಲಾ, ಇಟ್ಟುಕೊಳ್ಳಲಾ ಅಂತ ಫೋನು. ಇಬ್ಬರು ಜಗಳ ಆಡಿದರೆ "ಅಡ್ಮಿನ್ ಸ್ವಲ್ಪ ನೋಡಿ" ಅಂತ ಮೂರನೆಯವರ ಮೆಸೇಜು. ನೋಡದೆ ಸುಮ್ಮನಿದ್ದರೆ ಅದಕ್ಕೂ ಅರ್ಥ ಹಚ್ಚುತ್ತಾರೆ. ಸುಮ್ಮನಿದ್ದ ಅಡ್ಮಿನ್ ಯಾರೋ ಒಬ್ಬರ ಕಡೆ ಅಂತಲೇ ಆಗುತ್ತದೆ.

ನಿಜವಾದ ಅಧಿಕಾರ ಬಂದದ್ದು ಜಾಗ ತುಂಬಿದಾಗ. ಆಗ ಒಂದು ಗುಂಪಿಗೆ 256 ಜನರ ಮಿತಿ. ಒಬ್ಬರು ಬರಬೇಕೆಂದರೆ ಒಬ್ಬರು ಹೋಗಬೇಕು. ಯಾರನ್ನು ಕಳಿಸುವುದು? ಏನೂ ಬರೆಯದವರನ್ನು ತೆಗೆಯೋಣ ಅಂದರು ಕೆಲವರು. ಆದರೆ ಹಾಗೆ ಬರೆಯದೆ ಇದ್ದವರೇ ಧಾರಣೆ ನೋಡಲಿಕ್ಕೆ ಕಾಯುವ ವಯಸ್ಸಾದವರು. ಕೊನೆಗೆ ತೋಟ ಇದ್ದವರಿಗೆ ಮಾತ್ರ ಅಂತ ನಿಯಮ ಮಾಡಿದೆವು. ಔಷಧಿ ಅಂಗಡಿಯವರು, ಗೊಬ್ಬರದ ಏಜೆಂಟರು ಹೊರಗುಳಿದರು. ಯಾರಿಗೂ ಬೇಜಾರಾಗಲಿಲ್ಲ.

ಆಮೇಲೆ ಒಬ್ಬ ಕೊನೆಗೌಡರು ಸೇರಿಸಿ ಅಂತ ಕೇಳಿದರು. ಮರ ಹತ್ತಿ ಔಷಧಿ ಹೊಡೆಯುವವರು, ಕೊನೆ ಇಳಿಸುವವರು. ಕೊಳೆ ರೋಗ ಯಾವ ಊರಿಗೆ ಕಾಲಿಟ್ಟಿದೆ ಅಂತ ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಆದರೆ ಅವರಿಗೆ ಸ್ವಂತ ತೋಟ ಇಲ್ಲ. ಕೂಲಿಯ ಮಾತು ಅವರೆದುರು ಆಡುವುದು ಹೇಗೆ ಅಂತ ಒಬ್ಬ ಅಡ್ಮಿನ್ ತಕರಾರು ತೆಗೆದರು. ನಾನು ಸೇರಿಸಲೇಬೇಕು ಅಂತ ಹಟ ಹಿಡಿದೆ, ಸೇರಿಸಿದೆವು. ಬೆಳೆಗಾರ ಅಂದರೆ ಯಾರು ಅಂತ ಮೊಬೈಲ್ ಹಿಡಿದ ನಾಲ್ಕು ಜನ ಕೂತು ತೀರ್ಮಾನ ಮಾಡುತ್ತಿದ್ದೇವಲ್ಲ ಅಂತ ಅವತ್ತು ಸರಿಯಾಗಿ ಹೊಳೆಯಿತು.

ಮಿತಿ 2022ರಲ್ಲಿ ಮೊದಲು 512ಕ್ಕೆ, ಆಮೇಲೆ 1024ಕ್ಕೆ ಏರಿತು. ಜಾಗ ಬೇಕಾದಷ್ಟು ಆಯಿತು. ಬಾಗಿಲು ಕಾಯುವುದನ್ನು ಮಾತ್ರ ನಾವು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಯಾರೂ ಕೇಳಲೂ ಇಲ್ಲ.

ಪೊಲೀಸರ ಭಯದ್ದೂ ಇದೇ ಕಥೆ. 2017ರಲ್ಲಿ ನಮ್ಮ ಉತ್ತರ ಕನ್ನಡದಲ್ಲೇ ಒಂದು ಗುಂಪಿನ ಅಡ್ಮಿನ್ ಬಂಧನ ಆಗಿತ್ತು. ಪ್ರಧಾನಿ ಬಗ್ಗೆ ಬಂದ ಒಂದು ಪೋಸ್ಟಿನ ವಿಷಯ. ಸುದ್ದಿ ಕೇಳಿ ನಮ್ಮ ಮನೆಯವರೂ ಹೆದರಿದರು, ನಿಮಗ್ಯಾಕೆ ಈ ಉಸಾಬರಿ ಅಂದರು. ಮರುವರ್ಷ ಅಡ್ಮಿನ್ ಮಾತ್ರ ಮೆಸೇಜು ಹಾಕುವ ಸೌಲಭ್ಯ ಬಂತು. ಗಲಾಟೆ ಶುರುವಾದರೆ ಗುಂಪಿಗೆ ಬೀಗ ಹಾಕಿ ಮಲಗುತ್ತಿದ್ದೆವು. ಮುಂದೆ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟು, ಬೇರೆ ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಅಂತ ಹೇಳಿದವು. ಭಯಕ್ಕೆ ಮಾಡಿಕೊಂಡ ಬೀಗ ಅಭ್ಯಾಸವಾಗಿ ಉಳಿಯಿತು. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ ನೋಡಿ, ಅದೂ ಒಂದು ಕಾರಣ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಒಂದು ಸಣ್ಣ ಬಟನ್. 2022ರ ಆಗಸ್ಟ್ ಹೊತ್ತಿಗೆ, ಬೇರೆಯವರ ಮೆಸೇಜನ್ನೂ ಅಡ್ಮಿನ್ ಅಳಿಸಬಹುದು ಅಂತಾಯಿತು. ಅದಕ್ಕಿಂತ ಮೊದಲು ಒಬ್ಬ ಸದಸ್ಯನ ಮೇಲೆ ನಮ್ಮ ಹತ್ತಿರ ಇದ್ದದ್ದು ಒಂದೇ ಆಯುಧ, ಗುಂಪಿನಿಂದ ತೆಗೆಯುವುದು. ನಾಳೆ ಮದುವೆ ಮನೆಯಲ್ಲೋ ಸೊಸೈಟಿಯಲ್ಲೋ ಎದುರು ಸಿಗುವ ಮನುಷ್ಯನನ್ನು ತೆಗೆಯುವುದೆಂದರೆ ಸಣ್ಣ ಮಾತಾ? ಹಾಗಾಗಿ ಮೊದಲು ಫೋನ್ ಮಾಡುತ್ತಿದ್ದೆವು. "ಮಾರಾಯ, ಅದೊಂದು ನೀನೇ ಅಳಿಸಿಬಿಡು" ಅಂದರೆ ನೂರಕ್ಕೆ ತೊಂಬತ್ತು ಸಲ ಕೆಲಸ ಆಗುತ್ತಿತ್ತು. ಬಟನ್ ಬಂದ ಮೇಲೆ ಫೋನ್ ನಿಂತುಹೋಯಿತು. ಒತ್ತಿದರೆ ಮುಗಿಯಿತು. ಶಿಕ್ಷೆ ಹಗುರ ಆದದ್ದಕ್ಕೇ ಅದನ್ನು ಕೊಡುವುದು ಜಾಸ್ತಿ ಆಯಿತು. ಅಳಿಸಿದ ಜಾಗದಲ್ಲಿ ಅಳಿಸಿದ ಅಡ್ಮಿನ್ ಹೆಸರು ಉಳಿಯುತ್ತದೆ. ಅಲ್ಲೇನಿತ್ತು ಅಂತ ನೋಡದವರಿಗೂ ಅಡ್ಮಿನ್ ಮೇಲೆ ಅನುಮಾನ.

ಇದರ ಬೆನ್ನಿಗೇ ಸೆಪ್ಟೆಂಬರ್ ಕೊನೆಯಲ್ಲಿ ಭೂತಾನದ ಸುದ್ದಿ ಬಂತು. ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು, ಇಷ್ಟಕ್ಕಿಂತ ಕಡಿಮೆ ಬೆಲೆಗೆ ತರಬಾರದು ಅನ್ನುವ ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ, ತರಲಿಕ್ಕೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತ್ತು. ಆ ಮಳೆಗಾಲದಲ್ಲಿ ಮಲೆನಾಡಿಗೆ ಎಲೆಚುಕ್ಕಿ ರೋಗ ಬೇರೆ ಹಬ್ಬಿತ್ತು, ಜನ ಮೊದಲೇ ಕಂಗೆಟ್ಟಿದ್ದರು. ನಮ್ಮಲ್ಲಿ "ರಾಜಕೀಯ ಬೇಡ" ಅಂತ ನಿಯಮ ಇತ್ತು. ಈಗ ಹೇಳಿ, ಭೂತಾನದ ಅಡಿಕೆ ಧಾರಣೆಯ ವಿಷಯವಾ, ರಾಜಕೀಯವಾ? ಒಬ್ಬ ಅಡ್ಮಿನ್ ಸರ್ಕಾರವನ್ನು ಬೈದದ್ದೆಲ್ಲ ರಾಜಕೀಯ ಅಂತ ಅಳಿಸಿದರು, ಹೊಗಳಿದ್ದನ್ನು ಮಾಹಿತಿ ಅಂತ ಬಿಟ್ಟರು. ಇನ್ನೊಬ್ಬರದು ಸರಿಯಾಗಿ ಇದರ ಉಲ್ಟಾ. ಸದಸ್ಯರೊಬ್ಬರು ಸ್ಕ್ರೀನ್‌ಶಾಟ್ ಇಟ್ಟುಕೊಂಡು ಯಾವುದು ಹೋಯಿತು, ಯಾವುದು ಉಳಿಯಿತು ಅಂತ ಪಟ್ಟಿ ಮಾಡಿ ಗುಂಪಿಗೇ ಹಾಕಿದರು. ಒಬ್ಬ ಅಡ್ಮಿನ್ ಅದನ್ನೂ ಅಳಿಸಲು ಹೊರಟಿದ್ದರು. ತಡೆದೆ. ಆ ಪಟ್ಟಿ ನಮಗೆ ಸಿಕ್ಕ ಅತಿ ಉಪಯೋಗದ ಕಾಗದ ಅಂತ ಈಗಲೂ ನನ್ನ ಅಭಿಪ್ರಾಯ.

ಅದಾದ ಮೇಲೆ ನಾವು ಮಾಡಿಕೊಂಡ ಏರ್ಪಾಡು ಹೀಗೆ. ಸರ್ಕಾರದ ಆದೇಶ, ಬೆಲೆ, ಟನ್ನಿನ ಲೆಕ್ಕ ಇರುವುದು ಉಳಿಯುತ್ತದೆ. ಪಕ್ಷದ ಚಿಹ್ನೆ, ನಾಯಕರ ಫೋಟೊ, ವೈಯಕ್ತಿಕ ಬೈಗುಳ ಹೋಗುತ್ತದೆ. ಅಳಿಸುವ ಮೊದಲು ಇನ್ನೊಬ್ಬ ಅಡ್ಮಿನ್ ಹೂಂ ಅನ್ನಬೇಕು. ಅಳಿಸಿದ್ದನ್ನೂ ಕಾರಣವನ್ನೂ ಒಂದು ಕಡೆ ಬರೆದಿಡಬೇಕು, ಯಾರು ಕೇಳಿದರೂ ತೋರಿಸಬೇಕು. ಬರೆದಿಡುವ ಕಿರಿಕಿರಿಗೇ ಅಳಿಸುವುದು ಅರ್ಧಕ್ಕರ್ಧ ಕಡಿಮೆ ಆಯಿತು ಅಂದರೆ ನಂಬಿ.

ಒಂದು ವಿಷಯಕ್ಕೆ ಮಾತ್ರ ರಿಯಾಯಿತಿ ಇಲ್ಲ, ಔಷಧಿಯ ಪ್ರಮಾಣ. ಎಲೆಚುಕ್ಕಿಗೆ ಪ್ರೊಪಿಕೊನಜೋಲ್ ಲೀಟರಿಗೆ 1 ಎಂ.ಎಲ್. ಅಂತ ವಿಜ್ಞಾನಿಗಳು ಹೇಳಿದ್ದನ್ನು ಯಾರೋ 5 ಅಂತ ಮಾಡಿ ಕಳಿಸಿಬಿಡುತ್ತಾರೆ. ಅಂಥದ್ದಕ್ಕೆ ಎರಡನೆಯವರ ಒಪ್ಪಿಗೆಗೆ ಕಾಯುವುದಿಲ್ಲ. ಒಬ್ಬರು ನೋಡಿದರೂ ಸಾಕು, ತಕ್ಷಣ ಅಳಿಸಿ ಸರಿಯಾದ್ದನ್ನು ಹಾಕುತ್ತೇವೆ.

ಅಡ್ಮಿನ್‌ಗಳು ಬದಲಾಗುತ್ತಿರಲಿ ಅಂತ ದೀಪಾವಳಿಗೊಮ್ಮೆ ಒಬ್ಬರು ಇಳಿಯುವ ಪದ್ಧತಿಯನ್ನೂ ತಂದೆವು. ಮಾತಿನಲ್ಲಿ ಎಲ್ಲರಿಗೂ ಇಷ್ಟ ಆಯಿತು. ಯಾರು ಬರುತ್ತೀರಿ ಅಂದಾಗ ಮಾತ್ರ ಗುಂಪು ತಣ್ಣಗೆ. ಕೈ ಎತ್ತಿದವರು ಇಬ್ಬರು. ಅದರಲ್ಲಿ ಒಬ್ಬರು ಕೀಟನಾಶಕದ ಡೀಲರಿನ ಭಾವ. ಇನ್ನೊಬ್ಬರು ನಿವೃತ್ತ ಶಿಕ್ಷಕಿ, ಸ್ವತಃ ತೋಟ ನೋಡಿಕೊಳ್ಳುವವರು. ಅವರು ಬಂದರು, ನಾನು ಇಳಿದೆ. ಫೋನುಗಳು ಮಾತ್ರ ಇನ್ನೂ ನನಗೇ ಬರುತ್ತವೆ. ಧಾರಣೆ ಹಾಕುವವನು ನಾನೇ ಇದ್ದೇನಲ್ಲ! ಅಧಿಕಾರ ಹಂಚಬೇಕೆಂದರೆ ಬಟನ್ ಹಂಚಿದರೆ ಸಾಲದು, ಈ ದಿನನಿತ್ಯದ ಚಾಕರಿಯನ್ನೇ ಹಂಚಬೇಕು. ಅದಕ್ಕೆ ವಾರಕ್ಕೆ ಮೂರು ದಿನದ ಧಾರಣೆಯನ್ನು ಈಗ ಬೇರೆಯವರಿಗೆ ಒಪ್ಪಿಸಿದ್ದೇನೆ.

ಈಗ ಗುಂಪಿನಲ್ಲಿ ಹೊಸ ತಕರಾರು ಎದ್ದಿದೆ. ಅಡಿಕೆ ಧಾರಣೆ ದಿನಾ ಹಾಕುತ್ತೀರಿ, ಕೊನೆ ಕೊಯ್ಲಿನ ಕೂಲಿ ಯಾವ ಊರಲ್ಲಿ ಎಷ್ಟು ಅಂತ ನಾವೂ ಹಾಕಬಹುದಾ ಅಂತ ಕೊನೆಗೌಡರು ಕೇಳಿದ್ದಾರೆ. ಅಡ್ಮಿನ್‌ಗಳು ಇಬ್ಬಿಬ್ಬರಾಗಿ ಒಡೆದಿದ್ದಾರೆ. ಕೊಯ್ಲು ಶುರುವಾಗುವ ಮೊದಲು ಗುಂಪಿನಲ್ಲೇ ಮತ ಹಾಕಿಸೋಣ ಅಂತ ಶಿಕ್ಷಕಿ ಹೇಳಿದ್ದಾರೆ. ನನ್ನ ಮತ, ಕೊನೆಗೌಡರು ಕೂಲಿಯನ್ನೂ ಹಾಕಲಿ ಅಂತ.