ಹಳೆಯ ಲೀಗ್ ಋತುವೊಂದನ್ನು ಪತ್ರಿಕೆಗಳಿಂದ ಮರಳಿ ಕಟ್ಟುವ ಬಗೆ: ಸಿಡ್ನಿ, 1908

ಬೆಳಗಾವಿಯ ಯಾವುದಾದರೂ ಹಳೆಯ ಫುಟ್‌ಬಾಲ್ ಅಥವಾ ಕಬಡ್ಡಿ ಟೂರ್ನಿಯ ಇತಿಹಾಸ ಬರೆಯಲು ಹೊರಡುವವರು ಮೊದಲು ಹುಡುಕುವುದು ಗೆದ್ದವರ ಹೆಸರನ್ನು. ಅದು ಬಹುಮಟ್ಟಿಗೆ ಟ್ರೋಫಿಯ ಮೇಲೆಯೇ ಕೆತ್ತಿರುತ್ತದೆ. ಕಳೆದುಹೋಗಿರುವುದು ಉಳಿದದ್ದೆಲ್ಲ: ಯಾರು ಯಾರ ಎದುರು ಆಡಿದರು, ಯಾವ ಪಂದ್ಯ ನಡೆಯಲೇ ಇಲ್ಲ, ಯಾವ ತಂಡ ತಡವಾಗಿ ಬಂದು ಸೇರಿತು, ಫೈನಲಿನ ಹೊತ್ತಿಗೆ ಯಾರು ಊರಲ್ಲಿರಲಿಲ್ಲ. ಇವನ್ನು ಹೊರತೆಗೆಯುವ ಕೆಲಸ ಕೈಹತ್ತಬೇಕಾದರೆ, ದಾಖಲೆಗಳು ಸುಲಭವಾಗಿ ಸಿಗುವ ಬೇರೊಂದು ನಗರದ ಋತುವಿನ ಮೇಲೆ ಮೊದಲು ಅಭ್ಯಾಸ ಮಾಡುವುದು ಒಳ್ಳೆಯದು. ಅದಕ್ಕೆ ಸಿಡ್ನಿ ನಗರದ ರಗ್ಬಿ ಲೀಗಿನ ಮೊದಲ ಋತು, ಅಂದರೆ 1908ರದು, ಹೇಳಿ ಮಾಡಿಸಿದಂತಿದೆ. ಅದು ಚಿಕ್ಕದು, ಆದರೆ ತೊಡಕುಗಳಿಗೆ ಕೊರತೆಯಿಲ್ಲ, ಮೇಲಾಗಿ ಅಂದಿನ ಪತ್ರಿಕೆಗಳನ್ನು ಮನೆಯಲ್ಲಿಯೇ ಕುಳಿತು ಓದಬಹುದು.

ಆಟದ ಬಗ್ಗೆ ಎರಡು ಮಾತು ಸಾಕು. ರಗ್ಬಿಯಲ್ಲಿ ಯೂನಿಯನ್ ಮತ್ತು ಲೀಗ್ ಎಂದು ಎರಡು ಪ್ರಕಾರಗಳಿವೆ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು, ಆಡಲು ಬಂದು ಕೂಲಿ ಕಳೆದುಕೊಳ್ಳುವ ಕಾರ್ಮಿಕರಿಗೆ ಪರಿಹಾರ ಕೊಡುವ ವಿಷಯದಲ್ಲಿ ಜಗಳವಾಡಿ ಬೇರೆಯಾದಾಗ ಹುಟ್ಟಿದ್ದು ಎರಡನೆಯದು. ಯೂನಿಯನ್‌ನಲ್ಲಿ ತಂಡಕ್ಕೆ 15 ಆಟಗಾರರು, ಲೀಗಿನಲ್ಲಿ 13. ಅಂಥದೇ ಅಸಮಾಧಾನದಿಂದ 1907ರ ಆಗಸ್ಟಿನಲ್ಲಿ ಸಿಡ್ನಿಯಲ್ಲಿಯೂ ಲೀಗ್ ಸ್ಥಾಪನೆಯಾಯಿತು. ಮುಂದಾಳು ಜೇಮ್ಸ್ ಗಿಲ್ಟಿನನ್, ಖಜಾಂಚಿ ಹೆಸರಾಂತ ಕ್ರಿಕೆಟಿಗ ವಿಕ್ಟರ್ ಟ್ರಂಪರ್.

ಕೆಲಸವನ್ನು ಅಂಕಪಟ್ಟಿಯಿಂದ ಶುರು ಮಾಡಬಾರದು. ಸಿದ್ಧ ಅಂಕಪಟ್ಟಿಯನ್ನು ನಕಲು ಮಾಡಿಕೊಂಡವನಿಗೆ ಅದರೊಳಗಿನ ತಪ್ಪೂ ನಕಲಾಗಿ ಬರುತ್ತದೆ. ಮೊದಲು ಒಂದು ದೊಡ್ಡ ವಹಿಯಲ್ಲಿ ಅಥವಾ ಎಕ್ಸೆಲ್ ಹಾಳೆಯಲ್ಲಿ ಪಂದ್ಯಕ್ಕೊಂದು ಸಾಲು ಹಾಕಿ, ದಿನಾಂಕ, ಮೈದಾನ, ಎರಡೂ ತಂಡಗಳು, ಎರಡೂ ಸ್ಕೋರುಗಳು, ಅಂಕ ಗಳಿಸಿದವರು, ಆ ಮಾಹಿತಿ ಸಿಕ್ಕ ಪತ್ರಿಕೆ ಮತ್ತು ಅದರ ತಾರೀಖು ಎಂದು ಕಾಲಮ್ಮುಗಳನ್ನು ಮಾಡಿಕೊಳ್ಳಬೇಕು. ಕೊನೆಯ ಕಾಲಮ್ಮನ್ನು ಬಿಡುವ ಮನಸ್ಸು ಎಲ್ಲರಿಗೂ ಆಗುತ್ತದೆ, ಆದರೆ ಆರು ತಿಂಗಳ ನಂತರ ಎರಡು ಸ್ಕೋರುಗಳು ತಾಳೆಯಾಗದಿದ್ದಾಗ ಕೈಹಿಡಿಯುವುದು ಅದೊಂದೇ.

ಮೊದಲ ದಿನವನ್ನೇ ತೆಗೆದುಕೊಳ್ಳೋಣ. 1908ರ ಏಪ್ರಿಲ್ 20, ಈಸ್ಟರ್ ಹಬ್ಬದ ಸೋಮವಾರ. ಬರ್ಚ್‌ಗ್ರೋವ್ ಓವಲ್ ಮೈದಾನದಲ್ಲಿ ಸೌತ್ ಸಿಡ್ನಿ ನಾರ್ತ್ ಸಿಡ್ನಿಯನ್ನು 11–7ರಿಂದ, ಬಾಲ್ಮೇನ್ ವೆಸ್ಟರ್ನ್ ಸಬರ್ಬ್ಸ್ ತಂಡವನ್ನು 24–0ರಿಂದ ಸೋಲಿಸಿದವು. ವೆಂಟ್‌ವರ್ತ್ ಪಾರ್ಕಿನಲ್ಲಿ ಈಸ್ಟರ್ನ್ ಸಬರ್ಬ್ಸ್ ನ್ಯೂಟೌನ್ ವಿರುದ್ಧ 32–16ರಿಂದ, ಗ್ಲೀಬ್ ನ್ಯೂಕ್ಯಾಸಲ್ ವಿರುದ್ಧ 8–5ರಿಂದ ಗೆದ್ದವು. ಈ ನಾಲ್ಕು ಸಾಲುಗಳನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ನೀವೇ ಹುಡುಕಿ ಖಚಿತಪಡಿಸಿಕೊಳ್ಳಬೇಕು. ಅಲ್ಲಿ ಓದಲು ಶುಲ್ಕವಿಲ್ಲ. ವರ್ಷವನ್ನು 1908ಕ್ಕೆ ಸೀಮಿತಗೊಳಿಸಿ, ಸಿಡ್ನಿ ಮಾರ್ನಿಂಗ್ ಹೆರಾಲ್ಡ್‌ನಂಥ ದಿನಪತ್ರಿಕೆಯನ್ನೂ, ರೆಫರಿ ಎಂಬ ಕ್ರೀಡಾ ವಾರಪತ್ರಿಕೆಯನ್ನೂ ಆರಿಸಿಕೊಂಡು, ಪಂದ್ಯದ ಮರುದಿನದಿಂದ ಒಂದು ವಾರದವರೆಗಿನ ಸಂಚಿಕೆಗಳನ್ನು ನೋಡಬೇಕು. ಶನಿವಾರದ ಪಂದ್ಯದ ವರದಿ ಹೆರಾಲ್ಡ್‌ನಲ್ಲಿ ಸೋಮವಾರ ಬರುತ್ತದೆ ಎಂಬುದನ್ನು ನೆನಪಿಡಬೇಕು. ಹುಡುಕು ಪದವಾಗಿ 'ರಗ್ಬಿ ಲೀಗ್' ಒಂದನ್ನೇ ನಂಬಬಾರದು. ಅಂದಿನ ವರದಿಗಾರರು 'ನಾರ್ದರ್ನ್ ಯೂನಿಯನ್' ಎಂದೂ ಬರೆಯುತ್ತಿದ್ದರು. ಯಂತ್ರ ಓದಿಕೊಟ್ಟ ಪಠ್ಯದಲ್ಲಿ ಅಂಕೆಗಳು ಅದಲುಬದಲಾಗುವುದು ಸಾಮಾನ್ಯವಾದುದರಿಂದ ಸ್ಕೋರನ್ನು ಪುಟದ ಮೂಲ ಚಿತ್ರದಲ್ಲಿಯೇ ನೋಡಿ ಬರೆದುಕೊಳ್ಳಬೇಕು.

ಇಲ್ಲೊಂದು ಹಳ್ಳವಿದೆ, ಹೊಸಬರು ತಪ್ಪದೆ ಬೀಳುವಂಥದು. ಗ್ಲೀಬ್, ಬಾಲ್ಮೇನ್, ನ್ಯೂಟೌನ್ ಎಂಬವೆಲ್ಲ ಸಿಡ್ನಿಯ ಬಡಾವಣೆಗಳ ಹೆಸರುಗಳಾದ್ದರಿಂದ ಅದೇ ವರ್ಷ, ಅದೇ ಹೆಸರಿನ ತಂಡಗಳು ರಗ್ಬಿ ಯೂನಿಯನ್‌ನಲ್ಲಿಯೂ ಆಡುತ್ತಿದ್ದವು, ಎರಡೂ ವರದಿಗಳು ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚಾಗುತ್ತಿದ್ದವು. ಶೀರ್ಷಿಕೆ ಸ್ಪಷ್ಟವಿಲ್ಲದಿದ್ದರೆ ತಂಡದ ಪಟ್ಟಿಯಲ್ಲಿರುವ ಹೆಸರುಗಳನ್ನು ಎಣಿಸಿ ನೋಡುವುದೇ ಸುಲಭದ ದಾರಿ: 13 ಇದ್ದರೆ ನಿಮ್ಮದು, 15 ಇದ್ದರೆ ಮುಂದೆ ಸಾಗಬೇಕು.

ಸ್ಕೋರು ಸರಿಯೋ ತಪ್ಪೋ ಎಂದು ತಿಳಿಯುವ ಉಪಾಯವೊಂದು ಅಂಕಗಳಲ್ಲಿಯೇ ಅಡಗಿದೆ, ನನಗೆ ಈ ಇಡೀ ಕೆಲಸದಲ್ಲಿ ಬಹಳ ಹಿಡಿಸುವ ಭಾಗವೂ ಅದೇ. ಆಗಿನ ಲೀಗಿನಲ್ಲಿ ಟ್ರೈಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲುಗೆರೆಯಾಚೆ ನೆಲಕ್ಕೆ ಮುಟ್ಟಿಸಿದ್ದಕ್ಕೆ, 3 ಅಂಕ, ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸುವ ಯಾವುದೇ ಬಗೆಯ ಗೋಲಿಗೆ 2 ಅಂಕ. ಗೋಲುಗಳ ಮೊತ್ತ ಯಾವಾಗಲೂ ಸಮಸಂಖ್ಯೆ. ಆದ್ದರಿಂದ ತಂಡದ ಒಟ್ಟು ಅಂಕ ಸಮವಾಗಿದ್ದರೆ ಟ್ರೈಗಳ ಸಂಖ್ಯೆಯೂ ಸಮವಿರಲೇಬೇಕು, ಬೆಸವಾಗಿದ್ದರೆ ಬೆಸವಿರಲೇಬೇಕು. ನಾರ್ತ್ ಸಿಡ್ನಿಯ 7 ಅಂಕಗಳು ಬರುವುದು ಒಂದೇ ರೀತಿಯಲ್ಲಿ, ಒಂದು ಟ್ರೈ ಮತ್ತು ಎರಡು ಗೋಲು. ನ್ಯೂಕ್ಯಾಸಲ್ಲಿನ 5 ಕೂಡ ಹಾಗೆಯೇ, ಒಂದು ಟ್ರೈ, ಒಂದು ಗೋಲು. ಸೌತ್ ಸಿಡ್ನಿಯ 11 ಮಾತ್ರ ಎರಡು ರೀತಿಯಲ್ಲಿ ಸಾಧ್ಯ: ಮೂರು ಟ್ರೈ ಮತ್ತು ಒಂದು ಗೋಲು, ಇಲ್ಲವೇ ಒಂದು ಟ್ರೈ ಮತ್ತು ನಾಲ್ಕು ಗೋಲು. ವರದಿಯಲ್ಲಿ ತಂಡವೊಂದು 14 ಅಂಕ ಪಡೆಯಿತೆಂದು ಹೇಳಿ ಮೂವರು ಟ್ರೈ ಗಳಿಸಿದವರ ಹೆಸರನ್ನಷ್ಟೇ ಕೊಟ್ಟಿದ್ದರೆ, ಒಂದೋ ಒಬ್ಬನೇ ಎರಡು ಟ್ರೈ ಗಳಿಸಿರಬೇಕು, ಇಲ್ಲವೇ ಯಾವುದೋ ಹೆಸರು ಬಿಟ್ಟುಹೋಗಿರಬೇಕು. ಆಗ ಇನ್ನೊಂದು ಪತ್ರಿಕೆಯನ್ನು ತೆರೆಯಬೇಕು.

ಎಲ್ಲ ಸಾಲುಗಳು ತುಂಬಿದ ಮೇಲೆ ಮಾತ್ರ ಅಂಕಪಟ್ಟಿ. ಎಲ್ಲ ತಂಡಗಳು ಗಳಿಸಿದ ಅಂಕಗಳ ಮೊತ್ತವೂ ಬಿಟ್ಟುಕೊಟ್ಟ ಅಂಕಗಳ ಮೊತ್ತವೂ ಒಂದೇ ಆಗಬೇಕು, ಗೆಲುವುಗಳೂ ಸೋಲುಗಳೂ ಸಮನಾಗಬೇಕು. ಆಗದಿದ್ದರೆ ಎಲ್ಲೋ ಒಂದು ಸಾಲು ಕೆಟ್ಟಿದೆ. ಮೊದಲ ಸುತ್ತಿನಲ್ಲಿ ಆಡಿದ್ದು ಎಂಟು ತಂಡಗಳು. ಒಂಬತ್ತನೆಯದಾದ ಕಂಬರ್‌ಲ್ಯಾಂಡ್ ಆಮೇಲೆ ಬಂದು ಸೇರಿಕೊಂಡಿತು, ಒಂದೇ ಒಂದು ಪಂದ್ಯ ಗೆದ್ದಿತು, ಮರುವರ್ಷ ಕಾಣಿಸಲೇ ಇಲ್ಲ. ಬೆಸಸಂಖ್ಯೆಯ ತಂಡಗಳಿದ್ದಾಗ ಪ್ರತಿ ಸುತ್ತಿನಲ್ಲಿ ಒಂದಕ್ಕೆ ಬೈ, ಅಂದರೆ ಪಂದ್ಯವಿಲ್ಲದ ಬಿಡುವು, ಸಿಗುತ್ತದೆ. ಬೈಗೆ ಅಂಕ ಕೊಟ್ಟು ಲೆಕ್ಕ ಹಾಕಿದ ಪಟ್ಟಿಯನ್ನೂ ಕೊಡದೆ ಹಾಕಿದ ಪಟ್ಟಿಯನ್ನೂ ಬೆರೆಸಿದರೆ ಮೊತ್ತಗಳು ಎಂದಿಗೂ ಕೂಡುವುದಿಲ್ಲ.

ಇನ್ನು ಪಟ್ಟಿ ಹೇಳದ ಸಂಗತಿಗಳು. ಆಗಸ್ಟ್ 29ರ ಫೈನಲಿನಲ್ಲಿ ಸೌತ್ ಸಿಡ್ನಿ ಈಸ್ಟರ್ನ್ ಸಬರ್ಬ್ಸ್ ತಂಡವನ್ನು 14–12ರಿಂದ ಸೋಲಿಸಿತು. ಈಸ್ಟರ್ನ್ ಸಬರ್ಬ್ಸ್‌ನ ಡ್ಯಾಲಿ ಮೆಸೆಂಜರ್ ಆ ಕಾಲದ ಅತಿ ದೊಡ್ಡ ತಾರೆ. ಆತ ಅಂದು ಮೈದಾನದಲ್ಲಿರಲಿಲ್ಲ, ಏಕೆಂದರೆ ಬ್ರಿಟನ್ ಪ್ರವಾಸಕ್ಕೆ ಆಯ್ಕೆಯಾದ ಮೊದಲ ಕಾಂಗರೂ ತಂಡ, ಅಂದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಲೀಗ್ ತಂಡ, ಅಷ್ಟರಲ್ಲಿ ಹಡಗು ಹತ್ತಿಯಾಗಿತ್ತು. ಎರಡು ಅಂಕಗಳ ಸೋಲಿನ ಪಕ್ಕದಲ್ಲಿ ಈ ಒಂದು ವಾಕ್ಯ ಇಲ್ಲದಿದ್ದರೆ ಓದುಗನಿಗೆ ಸಿಗುವ ಚಿತ್ರ ಅರ್ಧ ಮಾತ್ರ. ಹಾಗೆಯೇ 1909ರಲ್ಲಿ ಬಾಲ್ಮೇನ್ ಫೈನಲಿಗೆ ಬರಲೇ ಇಲ್ಲ, ಸೌತ್ ಸಿಡ್ನಿಗೆ ಪಟ್ಟ ವಾಕ್‌ಓವರ್‌ನಿಂದ ದಕ್ಕಿತು. ಅಂಥದನ್ನು ಗೆಲುವಿನ ಕಾಲಮ್ಮಿನಲ್ಲಿ ಸುಮ್ಮನೆ ಸೇರಿಸದೆ ಬೇರೆ ಗುರುತು ಹಾಕಬೇಕು.

ಈ ಕ್ರಮವನ್ನು ನಮ್ಮ ಕಡೆಗೆ ತಂದಾಗ ಕೆಲವು ಬದಲಾವಣೆಗಳು ಬೇಕು. ಬೆಳಗಾವಿಯ ಟೂರ್ನಿಯ ವರದಿ ಕನ್ನಡ ಪತ್ರಿಕೆಗಿಂತ ಮರಾಠಿ ಪತ್ರಿಕೆಯಲ್ಲಿ ವಿವರವಾಗಿ ಬಂದಿರುವ ಸಾಧ್ಯತೆ ಸಾಕಷ್ಟಿದೆ. ಆದ್ದರಿಂದ ಹುಬ್ಬಳ್ಳಿಯಿಂದ ಬರುವ ಸಂಯುಕ್ತ ಕರ್ನಾಟಕದ ಜೊತೆಗೆ ಊರಿನ ತರುಣ ಭಾರತದ ಹಳೆಯ ಸಂಚಿಕೆಗಳನ್ನೂ ಕೇಳಬೇಕು, ದೇವನಾಗರಿ ಓದಲು ಬರದಿದ್ದರೆ ಬರುವವರನ್ನು ಜೊತೆಗೆ ಕರೆದೊಯ್ಯಬೇಕು. 1956ರ ನವೆಂಬರ್ 1ಕ್ಕೆ ಮೊದಲು ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು, ಬಾಗಲಕೋಟೆ 1997ರವರೆಗೆ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಹೀಗಾಗಿ ಹಳೆಯ ಕಾಗದಗಳನ್ನು ಆಯಾ ಕಾಲದ ಜಿಲ್ಲೆ, ರಾಜ್ಯಗಳ ಹೆಸರಿನಡಿ ಹುಡುಕಬೇಕಾಗುತ್ತದೆ. ಇಂಗ್ಲಿಷ್ ದಾಖಲೆಗಳಲ್ಲಿ 'ಬೆಲ್‌ಗಾಂ' ಎಂಬ ಹಳೆಯ ಕಾಗುಣಿತವೇ ಇರುತ್ತದೆ, ಹೊಸದು ಅಧಿಕೃತವಾದದ್ದು 2014ರ ನವೆಂಬರಿನಲ್ಲಿ.

ಹಳೆಯ ಆಟಗಾರರನ್ನು ಮಾತಾಡಿಸುವಾಗ "ಆ ವರ್ಷ ಯಾರು ಗೆದ್ದರು?" ಎಂದು ಕೇಳಿದರೆ ನೆನಪು ತಮ್ಮ ತಂಡದ ಕಡೆಗೆ ವಾಲುವುದೇ ಹೆಚ್ಚು. "ಕಾಕಾ, ಆ ವರ್ಷ ಮಳಿಗೆ ಯಾವ ಮ್ಯಾಚ್ ನಿಂತಿತ್ರಿ?" ಎಂದು ಕೇಳಿ ನೋಡಿ. ಬೆಳಗಾವಿಯ ಮಳೆಗಾಲದಲ್ಲಿ ಒಂದಾದರೂ ಪಂದ್ಯ ನಿಂತೇ ಇರುತ್ತದೆ, ಅದನ್ನು ಮತ್ತೆ ಆಡಿಸಿದ ದಿನ, ಮೈದಾನ, ಆಗ ಎದ್ದ ತಕರಾರು ಒಂದರ ಹಿಂದೊಂದು ಹೊರಬರುತ್ತವೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಪತ್ರಿಕೆಯಲ್ಲಿ ಆಧಾರ ಸಿಗುವವರೆಗೆ ಆ ಸಾಲನ್ನು ಪೆನ್ಸಿಲ್ಲಿನಲ್ಲಿಯೇ ಇಡಬೇಕು. ಸ್ಕೋರು ಎಲ್ಲಿಯೂ ದೊರೆಯದ ಪಂದ್ಯದ ಮುಂದೆ ಸೊನ್ನೆ ಹಾಕಬಾರದು, ಜಾಗವನ್ನು ಖಾಲಿ ಬಿಡಬೇಕು. 0–0 ಎಂಬುದೂ ಒಂದು ಫಲಿತಾಂಶವೇ.