ಹಂಪಿ ಅರಮನೆ ಆವರಣಕ್ಕೆ ಕ್ಲಾಸ್ ಟ್ರಿಪ್ ಕರ್ಕೊಂಡು ಹೋಗೋ ಮೇಷ್ಟ್ರುಗಳಿಗೆ

ಹಂಪಿ ಟ್ರಿಪ್ ಅಂದ್ರೆ ವಿರೂಪಾಕ್ಷ, ಕಲ್ಲಿನ ರಥ, ಸಂಜೆಗೆ ಟಿಬಿ ಡ್ಯಾಮ್, ಎಲ್ಲಾ ಒಂದೇ ದಿನಕ್ಕೆ ತುರುಕ್ತೀವಿ, ಮಕ್ಕಳಿಗೆ ನೆನಪಲ್ಲಿ ಉಳಿಯೋದು ಬಸ್ಸಲ್ಲಿ ಹಾಕಿದ್ದ ಹಾಡು ಮಾತ್ರ. ಹೈಸ್ಕೂಲ್ ಮಕ್ಕಳಾದ್ರೆ ಬೆಳಗಿನ ಹೊತ್ತು ಪೂರ್ತಿ ಅರಮನೆ ಆವರಣಕ್ಕೇ ಇಡಿ.

ಶುಕ್ರವಾರ ಬೇಡ, ಕಮಲಾಪುರದ ಮ್ಯೂಸಿಯಂ ರಜಾ. ಡಿಸೆಂಬರ್ ಜನವರಿ ಒಳ್ಳೇದು, ಬೇಸಿಗೆಲಿ ಆ ಬಂಡೆ ಮೇಲೆ ನಿಲ್ಲಕ್ಕಾಗಲ್ಲ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಆದ್ರೆ ಹತ್ತನೇ ಕ್ಲಾಸಲ್ಲಿ ವಯಸ್ಸು ದಾಟಿದವ್ರೂ ಇರ್ತಾರಲ್ಲ, ಅದಕ್ಕೆ ಹುಟ್ಟಿದ ತಾರೀಕು ಹಾಕಿ, ಎಚ್ಎಂ ಸೀಲ್ ಹೊಡೆಸಿದ ಲಿಸ್ಟ್ ಇಟ್ಕೊಳಿ. ತಿಂಡಿ, ಟಾಯ್ಲೆಟ್ ಎರಡೂ ಹೊಸಪೇಟೆಲೇ ಮುಗಿಸ್ಕೊಂಡು ಹೊರಡಿ.

ಮೊದಲು ಮಹಾನವಮಿ ದಿಬ್ಬ. ಹತ್ತೋಕೆ ಮುಂಚೆ ಸುತ್ತ ಒಂದು ರೌಂಡ್ ಹಾಕ್ಸಿ, ಬುಡದಲ್ಲಿ ಸಾಲು ಸಾಲು ಕೆತ್ತನೆ ಇದೆ, ಆನೆ, ಕುದುರೆ, ಒಂಟೆ, ಬೇಟೆ, ಕುಣಿಯೋರು. ಒಂಟೆ ಇಲ್ಯಾಕೆ ಬಂತು ಅಂತ ಕೇಳಿ ಸುಮ್ಮನಾಗಿ, ಅವರೇ ವ್ಯಾಪಾರ, ಅರಬ್ಬರು, ಕುದುರೆ ಅಂತ ಮಾತಿಗೆ ಬರ್ತಾರೆ. 1520ರ ಆಸುಪಾಸಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಯೇಸ್ ಇಲ್ಲಿನ ನವರಾತ್ರಿ ಸಂಭ್ರಮ ಬರೆದಿಟ್ಟಿದ್ದಾನೆ, ಅದನ್ನ ದಿಬ್ಬದ ಮೇಲೆ ನಿಂತು ಹೇಳಿ, ಕ್ಲಾಸಲ್ಲಿ ಹೇಳಿದ್ರೆ ಆಕಳಿಸ್ತಾರೆ.

ಆಮೇಲೆ ನೀರಿನ ಜಾಡು, ನನ್ನ ಪ್ರಕಾರ ಇದೇ ಟ್ರಿಪ್ಪಿನ ತಿರುಳು. ಕಂಬಗಳ ಮೇಲೆ ಹೋಗಿರೋ ಕಲ್ಲಿನ ಕಾಲುವೆ ತೋರ್ಸಿ, ಇದು ಎಲ್ಲಿಗೆ ಹೋಗುತ್ತೆ ನೋಡ್ಕೊಂಡು ಬನ್ನಿ ಅಂತ ಬಿಡಿ, ಸೀದಾ ಮೆಟ್ಟಿಲು ಪುಷ್ಕರಣಿಗೆ ಹೋಗಿ ನಿಲ್ತಾರೆ. 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು ಅದು, ಅಲ್ಲಿವರೆಗೂ ಮಣ್ಣಡಿ ಇತ್ತು. ಅದರ ಕಪ್ಪು ಕಲ್ಲುಗಳ ಮೇಲೆ ಯಾವ್ದು ಎಲ್ಲಿ ಕೂರ್ಬೇಕು ಅಂತ ಜೋಡಿಸೋರು ಹಾಕ್ಕೊಂಡ ಗುರುತುಗಳಿವೆ. ಕೆಳಗಿಳಿಯೋಕೆ ಮಾತ್ರ ಬಿಡ್ಬೇಡಿ, ಅಂಚಲ್ಲಿ ಒಬ್ಬರು ಮೇಷ್ಟ್ರು ನಿಲ್ಲಲೇಬೇಕು.

ಹಜಾರರಾಮ ದೇವಸ್ಥಾನದಲ್ಲಿ ಗೋಡೆ ಮೇಲೆ ರಾಮಾಯಣದ ಕಥೆನೇ ಇದೆ, ಗುಂಪು ಮಾಡಿ ಒಂದೊಂದು ದೃಶ್ಯ ಹುಡುಕಕ್ಕೆ ಹೇಳಿ, ಗೈಡ್ ಮಾತಿಗಿಂತ ಇದು ವಾಸಿ. ಕಮಲ ಮಹಲ್ ಹತ್ರ ಫೋಟೋ ತಗೊಂಡು ಮುಂದೆ ನಡೀರಿ. ಗಜಶಾಲೆಲಿ 11 ಕೋಣೆ, ಗುಮ್ಮಟ ಎಲ್ಲಾ ಒಂದೇ ಥರ ಇಲ್ಲ, ಯಾವ್ದಕ್ಕೆ ಯಾವ್ದು ಜೋಡಿ ಅಂತ ಬರ್ಕೊಳ್ಳಲಿ.

ಮ್ಯೂಸಿಯಂ ಕೊನೆಗೇ ಇಟ್ಕೊಳಿ, ಅಲ್ಲಿ ಇಡೀ ಹಂಪಿಯ ದೊಡ್ಡ ಮಾಡೆಲ್ ಇದೆ, ನಡೆದು ಬಂದಿರೋ ಮಕ್ಕಳು ನಾವಿಲ್ಲಿದ್ವಿ ಅಲ್ಲಿದ್ವಿ ಅಂತ ಕಿತ್ತಾಡ್ತಾರೆ, ಅದಾದ್ಮೇಲೆ ಬುತ್ತಿ ಬಿಚ್ಚಿ.