ಚೌಕಾಬಾರ ನಮ್ಮ ಮನೆಯ ಸಂಜೆಯ ಆಟವಾದ ಬಗೆ

ಬೇಸಿಗೆ ರಜೆ ಬಂತೆಂದರೆ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಚೌಕಾಬಾರದ ಬಟ್ಟೆ ಹಾಸುತ್ತೇವೆ. ಅತ್ತೆ, ನನ್ನ ಅಮ್ಮ, ಯಜಮಾನರು, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ರಜೆಗೆ ಬಂದ ನಾದಿನಿಯ ಮಕ್ಕಳು, ಆ ಹೊತ್ತಿಗೆ ಯಾರಿದ್ದಾರೋ ಅವರು ಸುತ್ತ ಕೂರುತ್ತಾರೆ. ಹಳೆಯ ಆಟಗಳನ್ನು ಮಕ್ಕಳಿಗೆ ಕಲಿಸಬೇಕು ಅಂತ ಎಷ್ಟೋ ಮನೆಗಳಲ್ಲಿ ಮಣೆ, ಕವಡೆ ಕೊಂಡು ತರುತ್ತಾರೆ; ನಾಲ್ಕು ದಿನ ಕಳೆಯುವುದರೊಳಗೆ ಅದು ಅಟ್ಟ ಸೇರಿರುತ್ತದೆ. ನಮ್ಮಲ್ಲಿ ಆಟ ಉಳಿಯಿತು. ಮಕ್ಕಳನ್ನು ಕೂರಿಸಿ, ‘ಆಡ್ಕೊಳ್ಳಿ’ ಅಂತ ಹೇಳಿ ನಾವು ಎದ್ದು ಹೋಗಲಿಲ್ಲ. ನಾವೂ ಆಡಿದೆವು, ಗೆಲ್ಲಬೇಕೆಂದೇ ಆಡಿದೆವು. ಅದರಿಂದಲೇ ಉಳಿಯಿತು ಅನ್ನುವುದು ನನ್ನ ನಂಬಿಕೆ.

ಆಟ ಮರೆತವರಿಗಾಗಿ ಚುಟುಕಾಗಿ ಹೇಳುತ್ತೇನೆ. ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಟ್ಟನಡುವೆ ಒಂದು. ನಾಲ್ಕೂ ಬದಿಯ ನಡುಮನೆಗಳಿಗೆ ಕತ್ತರಿ ಗುರುತು ಹಾಕಿರುತ್ತೇವೆ, ಅವು ಕಟ್ಟೆಗಳು. ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತನ್ನು ಅಪ್ರದಕ್ಷಿಣೆಯಾಗಿ, ಒಳಸುತ್ತನ್ನು ಪ್ರದಕ್ಷಿಣೆಯಾಗಿ ಸುತ್ತಿಸಿ ನಡುವಿನ ಮನೆಗೆ ತಂದರೆ ಕಾಯಿ ಹಣ್ಣಾಯಿತು. ತನ್ನ ಕಟ್ಟೆಯಿಂದ ಅಲ್ಲಿಗೆ 24 ಹೆಜ್ಜೆ. ಗರಕ್ಕೆ ನಾಲ್ಕು ಕವಡೆ. ಎಷ್ಟು ಅಂಗಾತ ಬಿದ್ದವೋ ಅಷ್ಟು ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಸಲ ಕವಡೆ ಹಾಕಬಹುದು.

ಮಣೆಯನ್ನು ನಾವು ಬಟ್ಟೆಯಲ್ಲೇ ಮಾಡಿಕೊಂಡೆವು. ಅತ್ತೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಟ್ಟರು, ಮಗಳು ಅದರ ಮೇಲೆ ಸರಪಳಿ ಹೊಲಿಗೆ ಹಾಕಿದಳು. ಮನೆಗಳು ದೊಡ್ಡವಿರಬೇಕು. ಕಟ್ಟೆಯಲ್ಲಿ ಒಮ್ಮೊಮ್ಮೆ ನಾಲ್ಕೈದು ಕಾಯಿ ಒಟ್ಟಿಗೆ ಕೂರುತ್ತವೆ. ಜಾಗ ಸಾಲದಿದ್ದರೆ ಯಾವುದು ಎಲ್ಲಿತ್ತು ಅಂತ ಜಗಳ ಶುರುವಾಗುತ್ತದೆ. ಅತ್ತೆಗೆ ಮಂಡಿನೋವು, ನೆಲದ ಮೇಲೆ ಕೂರಲಾಗುವುದಿಲ್ಲ. ಹಾಗಾಗಿ ದಿವಾನದ ಮೇಲೇ ಹಾಸುತ್ತೇವೆ. ಕವಡೆ ಉರುಳಿ ಸಂದಿ ಸೇರದಂತೆ ಪಕ್ಕದಲ್ಲಿ ಮಡಿಸಿದ ಜಮಖಾನೆ ಇಟ್ಟು ಅದರ ಮೇಲೆ ಗರ ಹಾಕುತ್ತೇವೆ. ಕಾಯಿಗಳಿಗೆ ಅಂಗಿ ಗುಂಡಿ ಸಾಕು. ಅತ್ತೆ ಮಾತ್ರ ಬಳೆಚೂರೇ ಆಗಬೇಕು ಅನ್ನುತ್ತಾರೆ, ಅವರ ಡಬ್ಬಿಯಲ್ಲಿ ಹಸಿರು ಬಳೆಯ ಚೂರು ಸದಾ ಇರುತ್ತವೆ. ಕವಡೆ ಸಿಗದವರು ಹುಣಸೆಬೀಜವನ್ನು ಒಂದು ಬದಿ ಬೆಳ್ಳಗಾಗುವವರೆಗೆ ಕಲ್ಲಿಗೆ ತೇಯ್ದುಕೊಂಡರೆ ಆಯಿತು. ಬಿಳಿ ಬದಿ ಮೇಲೆ ಬಂದರೆ ಅಂಗಾತ. ಮಕ್ಕಳಿಗೆ ತೇಯುವ ಕೆಲಸ ಆಟದಷ್ಟೇ ಇಷ್ಟ.

ನಿಜವಾದ ಕಷ್ಟ ನಿಯಮದ್ದು. ಅಮ್ಮನ ಊರಲ್ಲಿ ಈ ಆಟಕ್ಕೆ ಕಟ್ಟೆಮನೆ ಅಂತ ಹೆಸರು, ಕಟ್ಟಳೆಗಳೂ ಬೇರೆ. ಅತ್ತೆಯ ಲೆಕ್ಕದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅಮ್ಮನ ಲೆಕ್ಕದಲ್ಲಿ ಹಾಗೇನಿಲ್ಲ, ಆದರೆ ಚೌಕವೋ ಬಾರವೋ ಬೀಳದೆ ಮೊದಲ ಕಾಯಿ ಮಣೆಗೇ ಇಳಿಯುವುದಿಲ್ಲ. ಎರಡು ಕಾಯಿ ಸೇರಿಸಿ ಗಟ್ಟಿ ಕಟ್ಟುವ ವಿಷಯದಲ್ಲಂತೂ ಇಬ್ಬರಿಗೂ ತಾಳೆಯೇ ಇಲ್ಲ. ‘ನೋಡೀಮ್ಮಾ, ನಮ್ಮ ಕಡೆ ಗಟ್ಟೀನ ಗಟ್ಟಿಯೇ ಕಡೀಬೇಕು’ ಅಂತ ಅತ್ತೆ. ‘ನಾವು ಚಿಕ್ಕಂದಿನಿಂದ ಹಿಂಗೇ ಆಡಿದ್ದು’ ಅಂತ ಅಮ್ಮ. ಬೀಗಿತ್ತಿಯರ ನಡುವೆ ನಾನು ತೀರ್ಪು ಕೊಡಲು ಹೋಗಲಿಲ್ಲ. ಇಬ್ಬರನ್ನೂ ಕೂರಿಸಿ, ಅವರವರ ನಿಯಮಗಳನ್ನು ಅವರ ಬಾಯಿಂದಲೇ ಹೇಳಿಸಿ, ಒಂದು ನೋಟ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ ಮಗಳ ಕೈಲಿ ಬರೆಸಿದೆ. ಒಂದು ಸಂಜೆ ಅತ್ತೆಯ ಪುಟ, ಮರುದಿನ ಅಮ್ಮನ ಪುಟ. ಆಟದ ನಡುವೆ ನಿಯಮ ಬದಲಿಸುವ ಹಾಗಿಲ್ಲ. ಹೊಸ ಪ್ರಶ್ನೆ ಬಂದರೆ ಆ ದಿನದ ಪುಟದ ಒಡತಿ ಹೇಳಿದ್ದೇ ಕೊನೆ, ಅದನ್ನೂ ಅಲ್ಲೇ ಬರೆಯಬೇಕು. ಆಟ ಕಲಿಸಲು ಹೊರಟವರು ಬೇರೆ ಏನು ಬಿಟ್ಟರೂ ಇದೊಂದನ್ನು ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಆ ನೋಟ್‌ಬುಕ್ ಈಗ ಅರ್ಧ ತುಂಬಿದೆ. ನಿಯಮ ಬರೆಸುವಾಗ ‘ಇದನ್ನು ನನಗೆ ಹೇಳಿಕೊಟ್ಟಿದ್ದು ನಮ್ಮ ಸೋದರತ್ತೆ’ ಅಂತ ಅಮ್ಮ ಹೇಳಿದ್ದನ್ನೂ ಮಗಳು ಬರೆದಿಟ್ಟಿದ್ದಾಳೆ. ಆ ಸೋದರತ್ತೆಯ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ಚಿಕ್ಕವರು ಸೋಲುವಾಗ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಒಳಸುತ್ತಿನವರೆಗೆ ಬಂದ ಕಾಯನ್ನು ಕಡಿದರೆ ಅದು ಮತ್ತೆ ಮೊದಲಿನಿಂದ ಹೊರಡಬೇಕು; ಎರಡನೇ ಕ್ಲಾಸಿನ ಹುಡುಗನ ಕಣ್ಣಲ್ಲಿ ನೀರು ಬಂದೇ ಬರುತ್ತದೆ. ಹಾಗಂತ ಬೇಕೆಂದೇ ಸೋತುಕೊಡುವುದು ನನಗೆ ಒಪ್ಪಿಗೆಯಿಲ್ಲ, ಮಕ್ಕಳಿಗೆ ಅದು ಕೂಡಲೇ ತಿಳಿಯುತ್ತದೆ. ಮಗನನ್ನು ಅತ್ತೆಯ ಜೋಡಿ ಮಾಡಿದೆವು. ಎದುರುಬದುರು ಕೂತವರು ಒಂದು ಜೋಡಿ, ಇಬ್ಬರ ಎಂಟೂ ಕಾಯಿ ಹಣ್ಣಾದರೆ ಮಾತ್ರ ಗೆಲುವು. ಈಗ ಅವನ ಕಾಯಿ ಕಡಿದರೆ ಅತ್ತೆಗೂ ನಷ್ಟ. ‘ಇರಲಿ ಮರಿ, ನನ್ನದು ಹಿಂದಿನಿಂದ ಬರ್ತಾ ಇದೆ’ ಅನ್ನುತ್ತಾರೆ ಅವರು, ಅವನು ಮೂಗು ಒರೆಸಿಕೊಂಡು ಆಡುತ್ತಾನೆ. ಚೌಕ, ಮತ್ತೆ ಬಾರ, ಆಮೇಲೆ ಮೂರು ಬಿದ್ದರೆ ಯಾವ ಗರವನ್ನು ಯಾವ ಕಾಯಿಗೆ ಹಾಕುವುದು ಅಂತ ಅಜ್ಜಿ ಮೊಮ್ಮಗ ಪಿಸುಗುಟ್ಟುವುದನ್ನು ನೋಡುವುದೇ ನನಗೆ ಒಂದು ಸಂತೋಷ.

ಮಗಳ ಆಸಕ್ತಿ ಬೇರೆ ದಾರಿ ಹಿಡಿಯಿತು. ನಾಲ್ಕು ಕವಡೆ ಎಷ್ಟು ರೀತಿ ಬೀಳಬಹುದು ಅಂತ ಅವಳ ಅಪ್ಪ ಒಂದು ಸಂಜೆ ಕೇಳಿದರು. ಕಾಗದದಲ್ಲಿ ಬರೆದು ನೋಡಿದಳು: ಪ್ರತಿ ಕವಡೆಯೂ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ 16 ರೀತಿ. ಅದರಲ್ಲಿ ಎರಡು ಬೀಳುವುದು 6, ಒಂದು ಬೀಳುವುದು 4, ಮೂರು ಬೀಳುವುದು 4, ಚೌಕ ಒಂದು, ಬಾರ ಒಂದು. ಕವಡೆ ಅಷ್ಟು ಸಮನಾಗಿ ಬೀಳುವ ವಸ್ತುವಲ್ಲ, ಆದರೂ ಆವತ್ತಿನಿಂದ ಅವಳ ಆಟವೇ ಬದಲಾಯಿತು. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ತನ್ನ ಕಾಯನ್ನು ಅವಳು ನಿಲ್ಲಿಸುವುದೇ ಇಲ್ಲ. ಐದಾರು ಮನೆ ದೂರವಿದ್ದರೆ ನಿಶ್ಚಿಂತೆ, ಏಕೆಂದರೆ 5, 6, 7 ಒಂದೇ ಗರದಲ್ಲಿ ಬೀಳುವುದಿಲ್ಲ. ಮೊದಲು ಚೌಕ ಬಿದ್ದು ಆಮೇಲೆ ಉಳಿದದ್ದು ಬೀಳಬೇಕು. ಇದನ್ನು ಅತ್ತೆಗೆ ವಿವರಿಸಿದರೆ ಅವರು, ‘ಎರಡರ ಬಾಯಲ್ಲಿ ನಿಲ್ಲಬೇಡ ಅಂತ ನಮ್ಮಮ್ಮನೂ ಹೇಳ್ತಿದ್ರು’ ಅಂದರು.

ಕಳೆದ ರಜೆಯಲ್ಲಿ ಹಂಪಿಗೆ ಹೋದಾಗ ಮಂಟಪದ ನೆಲಹಾಸಿನ ಕಲ್ಲಿನಲ್ಲಿ ಕೊರೆದ ಆಟದ ಮಣೆಗಳನ್ನು ಮೊದಲು ಗುರುತಿಸಿದ್ದು ಮಕ್ಕಳೇ. ಬೆಣಚುಕಲ್ಲಿನ ಚೂರು ಹೆಕ್ಕಿ ತಂದು ಅಲ್ಲೇ ಕೂರಲು ಹೊರಟಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅರಸರಾಗಿದ್ದೂ ಮಣೆಯಾಟ, ಗಂಜೀಫ ಎಲೆಯಾಟಗಳನ್ನು ಕೂತು ರೂಪಿಸಿದವರು ಅಂತ ಯಜಮಾನರು ಹೇಳಿದ ಮೇಲೆ ಮಗನಿಗೆ ಚೌಕಾಬಾರದ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು.

ಶಾಲೆ ತೆರೆದ ಮೇಲೆ ದಿನವೂ ಆಡಲು ಆಗುವುದಿಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ ಒಂದು ಆಟ ಅಂತ ಇಟ್ಟುಕೊಂಡಿದ್ದೇವೆ. ಮುಗಿಯದಿದ್ದರೆ ಯಾರ ಕಾಯಿ ಎಲ್ಲಿದೆ ಅಂತ ಮಗಳು ನೋಟ್‌ಬುಕ್ಕಿನಲ್ಲಿ ಮಣೆಯ ಚಿತ್ರ ಬರೆದು ಗುರುತು ಹಾಕಿಡುತ್ತಾಳೆ, ಮುಂದಿನ ಶನಿವಾರ ಅಲ್ಲಿಂದಲೇ ಮುಂದುವರಿಕೆ. ಈಗ ನಡೆಯುತ್ತಿರುವ ಆಟದಲ್ಲಿ ಅತ್ತೆ ಮತ್ತು ಮಗನ ಜೋಡಿಯದು ಆರು ಹಣ್ಣಾಗಿದೆ; ನನ್ನದೂ ಅಮ್ಮನದೂ ಸೇರಿ ನಾಲ್ಕು.